ಮುಕ್ಕಾಲು ಇಂಚಿನ ಗಾಯ, 15 ಕೆ.ಜಿ. ಬಾಕ್ಸು

ಆಪರೇಷನ್ ಆಗಿ ಹನ್ನೊಂದನೇ ದಿನಕ್ಕೆ ನಮ್ಮ ಚಿಕ್ಕಪ್ಪ ಅಂಗಿ ಎತ್ತಿ ಬೆನ್ನು ತೋರಿಸಿದರು. ಸೊಂಟದ ನಡುವಿಗಿಂತ ಸ್ವಲ್ಪ ಎಡಕ್ಕೆ ಒಂದು ಗೆರೆ, ಉಗುರಿನಿಂದ ಗೀರಿದಷ್ಟೇ. ಅಳೆದರೆ ಮುಕ್ಕಾಲು ಇಂಚು ಇರಬಹುದು. "ಇಷ್ಟೇ ಕಣಪ್ಪಾ. ಬಾಕ್ಸ್ ತಗುಲಿ ಇದಕ್ಕಿಂತ ದೊಡ್ಡ ಗಾಯ ಎಷ್ಟೋ ಸಲ ಆಗಿದೆ" ಅಂದರು. ಮೂರು ವಾರ ತುಂಬುವ ಹೊತ್ತಿಗೆ ಕೋಲಾರದ ಎಪಿಎಂಸಿಯಲ್ಲಿ ಮತ್ತೆ ಟೊಮೆಟೊ ಬಾಕ್ಸ್ ಎತ್ತುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಅದೇ ಎಡಗಾಲು, ಅದೇ ಸೆಳೆತ, ಪಾದದ ಮೇಲೆ ಅದೇ ಜೋಮು.

ಚಿಕ್ಕ ಗಾಯದ ಬೆನ್ನುಮೂಳೆ ಆಪರೇಷನ್ ಬಗ್ಗೆ ನಾನು ಓದಲು ಶುರುಮಾಡಿದ್ದು ಆಗ. ಡಾಕ್ಟರುಗಳು ಇದನ್ನು ಮಿನಿಮಲಿ ಇನ್ವೇಸಿವ್ ಅನ್ನುತ್ತಾರೆ. ನಮ್ಮ ಜನ ಕೀಹೋಲ್ ಅನ್ನುತ್ತಾರೆ, ಕೆಲವರು ಲೇಸರ್ ಆಪರೇಷನ್ ಅಂತಲೂ ಅನ್ನುತ್ತಾರೆ. ಐವತ್ತು ವರ್ಷಗಳಲ್ಲಿ ಈ ಗಾಯ ಅಂಗೈ ಉದ್ದದಿಂದ ಉಗುರಿನ ಉದ್ದಕ್ಕೆ ಇಳಿದಿದೆ. ಅದು ದೊಡ್ಡ ಸಾಧನೆ, ಅನುಮಾನ ಬೇಡ. ಆದರೆ ಗಾಯ ಚಿಕ್ಕದಾದ ಹಾಗೆಲ್ಲಾ ನಮಗೆ ಎರಡು ಕಡೆ ಅವಸರ ಜಾಸ್ತಿಯಾಗಿದೆ. ಆಪರೇಷನ್‌ಗೆ ಹೂಂ ಅನ್ನುವಾಗ ಒಂದು, ಆದಮೇಲೆ ಕೆಲಸಕ್ಕೆ ಮರಳುವಾಗ ಇನ್ನೊಂದು. ನಮ್ಮ ಚಿಕ್ಕಪ್ಪ ಎರಡನೆಯದರಲ್ಲಿ ಸಿಕ್ಕಿಕೊಂಡರು. ಮೊದಲನೆಯದರಲ್ಲಿ ಸಿಕ್ಕಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ನಮ್ಮ ಕಡೆ ಸೊಂಟ ನೋವು ಇಲ್ಲದ ಮನೆ ಹುಡುಕಬೇಕು. ಕನ್ನಡದಲ್ಲಿ ಹೇಳುವವರು ಸೊಂಟ ಹಿಡಿದಿದೆ ಅನ್ನುತ್ತಾರೆ, ತೆಲುಗಿನವರು ನಡುಮು ನೊಪ್ಪಿ ಅನ್ನುತ್ತಾರೆ. ಶ್ರೀನಿವಾಸಪುರದಲ್ಲಿ ಮಾವಿನ ಲಾರಿ ತುಂಬುವವರು, ಶಿಡ್ಲಘಟ್ಟದಲ್ಲಿ ಬೆಳಗಿಂದ ಸಂಜೆವರೆಗೆ ಕೂತು ರೇಷ್ಮೆ ಬಿಚ್ಚುವವರು, ಕೆಜಿಎಫ್‌ನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು, ಎಲ್ಲರ ಬಾಯಲ್ಲೂ ಇದೇ ಮಾತು. ನಮ್ಮೂರಿನ ಕಥೆ ಮಾತ್ರ ಅಲ್ಲ ಇದು. 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಎಂದು ಜಾಗತಿಕ ಕಾಯಿಲೆಗಳ ಲೆಕ್ಕಾಚಾರ ಹೇಳುತ್ತದೆ. ಮನುಷ್ಯರನ್ನು ಕೆಲಸಕ್ಕೆ ಆಗದಂತೆ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು.

ಕೋಲಾರದ ಟೊಮೆಟೊ ಬಾಕ್ಸ್ ಹದಿನೈದು ಕೆ.ಜಿ. ತೂಗುತ್ತದೆ. 2023ರ ಜುಲೈನಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಇಡೀ ದೇಶ ನಮ್ಮ ಮಾರುಕಟ್ಟೆ ಕಡೆ ತಿರುಗಿ ನೋಡಿತ್ತು. ಆದರೆ ಹಮಾಲಿಗೆ ಬೆಲೆ ಏರಿದರೂ ಇಳಿದರೂ ತೂಕ ಅಷ್ಟೇ. ಟೆಂಪೋದಿಂದ ಇಳಿಸಬೇಕು, ಮಂಡಿಯಲ್ಲಿ ಸಾಲಾಗಿ ಜೋಡಿಸಬೇಕು, ಹರಾಜು ಮುಗಿದ ಮೇಲೆ ಮತ್ತೆ ಲಾರಿಗೆ ಏರಿಸಬೇಕು. ಸೀಸನ್ನಿನಲ್ಲಿ ಒಬ್ಬೊಬ್ಬರ ಕೈಯಲ್ಲಿ ದಿನಕ್ಕೆ ನೂರಾರು ಬಾಕ್ಸ್ ಹಾದುಹೋಗುತ್ತವೆ. ಸೊಂಟ ಬಗ್ಗಿಸಿ ಎತ್ತುವುದು, ಎತ್ತಿದ್ದನ್ನು ಹಿಡಿದುಕೊಂಡೇ ಪಕ್ಕಕ್ಕೆ ತಿರುಗುವುದು. ಡಿಸ್ಕಿಗೆ ಇದಕ್ಕಿಂತ ಕೆಟ್ಟ ಕೆಲಸ ಕಡಿಮೆ.

ಎಷ್ಟು ಕೆಟ್ಟದ್ದು ಎಂದು ಒಬ್ಬರು ಅಳೆದೇ ನೋಡಿದ್ದಾರೆ. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ವಿಲ್ಕೆ ಎಂಬ ಸಂಶೋಧಕ ಮತ್ತು ಜೊತೆಯವರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡ ಅಳೆಯುವ ಸಣ್ಣ ಉಪಕರಣ ಇಟ್ಟು, ಆತ ನಿಂತಾಗ, ಕೂತಾಗ, ಭಾರ ಎತ್ತಿದಾಗ ಒಳಗೆ ಏನಾಗುತ್ತದೆ ಎಂದು ಬರೆದುಕೊಂಡರು. ಸುಮ್ನೆ ನಿಂತಾಗ 0.5 ಮೆಗಾಪಾಸ್ಕಲ್. ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ 2.3. ಅಂದರೆ ನಾಲ್ಕೂವರೆ ಪಟ್ಟು. ಅದೇ ಭಾರವನ್ನು ಮಂಡಿ ಮಡಚಿ ಎತ್ತಿದಾಗ 1.7ಕ್ಕೆ ಇಳಿಯಿತು. ಎದೆಗೆ ಹತ್ತಿರ ಹಿಡಿದುಕೊಂಡು ನಿಂತಾಗ 1.1. ಒಬ್ಬನೇ ಮನುಷ್ಯನ ಮೇಲೆ ಮಾಡಿದ ಅಳತೆ, ನಿಜ. ಆದರೂ ಈ ನಾಲ್ಕು ಅಂಕಿ ನನ್ನ ತಲೆಯಿಂದ ಹೋಗಿಲ್ಲ.

ಡಿಸ್ಕ್ ಅಂದರೆ ಏನು? ಎರಡು ಬೆನ್ನೆಲುಬಿನ ನಡುವೆ ಇರುವ ಮೆತ್ತೆ. ಹೊರಗೆ ಗಟ್ಟಿ ನಾರಿನ ಪದರಗಳು, ಒಳಗೆ ತಾಟಿನುಂಗಿನ ತಿರುಳಿನ ಹಾಗೆ ಮೆತ್ತಗಿನ ಲೋಳೆ. ವಯಸ್ಸಾದಂತೆ ಲೋಳೆ ಒಣಗುತ್ತದೆ, ನಾರು ಸೀಳುತ್ತದೆ. ಒಂದು ದಿನ ಆ ಸೀಳಿನಿಂದ ಒಳಗಿನ ತಿರುಳು ಹಿಂದಕ್ಕೆ ಉಕ್ಕಿ ಬಂದು ಕಾಲಿಗೆ ಇಳಿಯುವ ನರವನ್ನು ತಾಗುತ್ತದೆ. ಇದನ್ನೇ ಡಿಸ್ಕ್ ಜಾರಿದೆ ಅನ್ನುವುದು. ಹಾಗೆ ಜಾರುವುದು ಹೆಚ್ಚಾಗಿ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ. ಆದ್ದರಿಂದಲೇ ಕಾಯಿಲೆ ಸೊಂಟದಲ್ಲಿದ್ದರೂ ಒದ್ದಾಟವೆಲ್ಲ ಕಾಲಿನಲ್ಲಿ. ಕುಂಡಿಯಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ, ಪಾದದವರೆಗೆ ಕರೆಂಟ್ ಹೊಡೆದ ಹಾಗೆ.

ಕಾಲಿನ ಈ ನೋವಿಗೆ ಡಿಸ್ಕ್ ಕಾರಣ ಎಂದು ವೈದ್ಯಲೋಕ ಒಪ್ಪಿದ್ದು 1934ರ ನಂತರ. ಆ ವರ್ಷ ಅಮೆರಿಕದ ಬಾಸ್ಟನ್‌ನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ತಮ್ಮ ರೋಗಿಗಳ ವಿವರ ಪ್ರಕಟಿಸಿದರು. ಅಲ್ಲಿಂದ ಮುಂದೆ ಹಲವು ದಶಕ ಆಪರೇಷನ್ ಅಂದರೆ ಬೆನ್ನು ತೆರೆಯುವುದು ಅಂತಲೇ ಅರ್ಥ. ಚರ್ಮ ಉದ್ದಕ್ಕೆ ಕೊಯ್ಯಬೇಕು, ಬೆನ್ನೆಲುಬಿಗೆ ಅಂಟಿಕೊಂಡ ಮಾಂಸವನ್ನು ಎರಡೂ ಕಡೆಯಿಂದ ಬಿಡಿಸಬೇಕು, ಕಬ್ಬಿಣದ ಕೊಕ್ಕೆಗಳಿಂದ ಅದನ್ನು ಅಗಲಿಸಿ ಹಿಡಿದಿಡಬೇಕು, ಹಿಂದಿನ ಮೂಳೆ ಕತ್ತರಿಸಬೇಕು, ಆಮೇಲೆ ನರ ಕಾಣುತ್ತದೆ. ಹೊರಬಂದ ತಿರುಳು ಕಡಲೆಬೇಳೆಯಷ್ಟಿದ್ದರೂ ಅಲ್ಲಿಗೆ ಹೋಗುವ ದಾರಿ ಮಾಡಲು ಬೆನ್ನಿನ ಮಾಂಸವೆಲ್ಲ ಬಲಿ. ಕೊಕ್ಕೆಯಡಿ ಬಹಳ ಹೊತ್ತು ಒತ್ತಿಟ್ಟ ಮಾಂಸಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕಾಲು ನೋವು ಹೋಗಿ ಬೆನ್ನು ನೋವು ಉಳಿದುಕೊಂಡವರು ಬಹಳ. ಬೆನ್ನಿನ ಆಪರೇಷನ್ ಮಾಡಿಸಿದರೆ ಮಂಚ ಹಿಡಿಯುತ್ತಾರೆ ಅನ್ನುವ ಹೆದರಿಕೆ ನಮ್ಮ ಹಿರಿಯರಲ್ಲಿ ಇವತ್ತಿಗೂ ಇದೆಯಲ್ಲ, ಅದು ಆ ಕಾಲದಿಂದ ಬಂದದ್ದು.

ಬೆನ್ನು ತೆರೆಯದೆ ಡಿಸ್ಕ್ ಕರಗಿಸಲು ಆಗುತ್ತಾ ಎಂದು ಯೋಚಿಸಿದವರಲ್ಲಿ ಅಮೆರಿಕದ ಡಾಕ್ಟರ್ ಲೈಮನ್ ಸ್ಮಿತ್ ಮೊದಲಿಗರು. ಪರಂಗಿ ಹಾಲಿನಲ್ಲಿರುವ ಒಂದು ಕಿಣ್ವವನ್ನು ಸೂಜಿಯಿಂದ ಡಿಸ್ಕಿಗೆ ಬಿಟ್ಟು ಅದರ ವರದಿಯನ್ನು 1964ರಲ್ಲಿ ಪ್ರಕಟಿಸಿದರು. ಮಾಂಸ ಬೇಗ ಬೇಯಲಿ ಎಂದು ನಮ್ಮ ಮನೆಗಳಲ್ಲಿ ಪರಂಗಿಕಾಯಿ ಚೂರು ಹಾಕುತ್ತಾರಲ್ಲ, ಅದೇ ಗುಣ. ಬಹಳ ಜನಕ್ಕೆ ಅನುಕೂಲವೂ ಆಯಿತು. ಆದರೆ ಕೆಲವರಿಗೆ ಪ್ರಾಣಕ್ಕೇ ಕುತ್ತು ತರುವಂಥ ಅಲರ್ಜಿ ಆಯಿತು, ಅಪರೂಪಕ್ಕೆ ಕೆಲವರ ಬೆನ್ನುಹುರಿಗೂ ಪೆಟ್ಟಾಯಿತು. ಕೊನೆಗೆ 2000ದ ದಶಕದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು.

ಇನ್ನೊಂದು ದಾರಿ ಪಕ್ಕದಿಂದ ಹೋಗುವುದು. 1970ರ ದಶಕದಲ್ಲಿ ಫಿಲಡೆಲ್ಫಿಯಾದ ಪರ್ವೀಜ್ ಕಾಂಬಿನ್ ಮತ್ತು ಜಪಾನಿನ ಹಿಜಿಕಾಟ ಬೇರೆಬೇರೆಯಾಗಿ ಈ ಕೆಲಸ ಶುರುಮಾಡಿದರು. ಬೆನ್ನಿನ ನಡುವಿನಿಂದ ಅಲ್ಲ, ಪಕ್ಕೆಯ ಕಡೆಯಿಂದ ಓರೆಯಾಗಿ ತೆಳುವಾದ ಕೊಳವೆ ತೂರಿಸಿದರೆ ಮೂಳೆ ಕತ್ತರಿಸದೆ ಡಿಸ್ಕ್ ತಲುಪಬಹುದು ಎಂದು ತೋರಿಸಿದರು. ನರಗಳ ನಡುವೆ ಕೊಳವೆ ಹೋಗಲು ಒಂದು ಪುಟ್ಟ ಮೂರು ಮೂಲೆಯ ಜಾಗ ಇದೆ. ಅದಕ್ಕೆ ಈಗಲೂ ಕಾಂಬಿನ್ ತ್ರಿಕೋನ ಎಂದೇ ಹೆಸರು. ಕೊಳವೆಯಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಇವತ್ತಿನ ಎಂಡೋಸ್ಕೋಪಿ ಆಪರೇಷನ್‌ಗಳಲ್ಲಿ ಹಲವು ಆ ಬಾಗಿಲಿನಿಂದಲೇ ಒಳಗೆ ಹೋಗುತ್ತವೆ.

1977ರಲ್ಲಿ ಜ್ಯೂರಿಕ್‌ನ ಯಾಸರ್ಗಿಲ್ ಮತ್ತು ಜರ್ಮನಿಯ ಕಾಸ್ಪರ್ ಸೂಕ್ಷ್ಮದರ್ಶಕದ ಕೆಳಗೆ ಡಿಸ್ಕ್ ಆಪರೇಷನ್ ಮಾಡಿದ್ದನ್ನು ಪ್ರಕಟಿಸಿದರು. ನನಗೆ ಕೇಳಿದರೆ ದೊಡ್ಡ ಜಿಗಿತ ಅದೇ. ಕಣ್ಣಿಗೆ ಬೆಳಕು ಮತ್ತು ದೊಡ್ಡ ನೋಟ ಸಿಕ್ಕಿದ ಮೇಲೆ ಗಾಯ ದೊಡ್ಡದಾಗಿರಬೇಕಾದ ಅಗತ್ಯವೇ ಹೋಯಿತು. 1997ರಲ್ಲಿ ಅಮೆರಿಕದ ಮೆಂಫಿಸ್‌ನ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ಕೊಳವೆಯೊಳಗಿಂದ ಆಪರೇಷನ್ ಮಾಡುವ ವಿಧಾನ ತಂದರು. ನಮ್ಮ ಚಿಕ್ಕಪ್ಪನಿಗೆ ಮಾಡಿದ್ದು ಈ ಬಗೆಯದು.

ಅದು ಹೇಗೆ ನಡೆಯುತ್ತದೆ ಎಂದು ಅವರ ಡಾಕ್ಟರ್ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ರೋಗಿಯನ್ನು ಬೋರಲು ಮಲಗಿಸುತ್ತಾರೆ. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ನೋಡಿಕೊಂಡು ಯಾವ ಎಲುಬು ಎಂದು ಗುರುತು ಹಾಕುತ್ತಾರೆ. ಚಿಕ್ಕದಾಗಿ ಕೊಯ್ದು ಮೊದಲು ಪೆನ್ಸಿಲ್ಲಿಗಿಂತ ತೆಳುವಾದ ಕೊಳವೆ ಇಳಿಸುತ್ತಾರೆ. ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು. ಹಳೆ ಮನೆಗಳಲ್ಲಿ ಚಟಾಕು, ಪಾವು, ಅಚ್ಚೇರು, ಸೇರು ಒಂದರೊಳಗೊಂದು ಕೂರುತ್ತಿದ್ದವಲ್ಲ, ಹಾಗೆ. ಕೊನೆಯ ಕೊಳವೆ ಸುಮಾರು 16ರಿಂದ 22 ಮಿಲಿಮೀಟರ್ ಅಗಲ. ಅದು ಕೂತ ಮೇಲೆ ಒಳಗಿನವನ್ನೆಲ್ಲ ತೆಗೆದರೆ ನೇರ ಮೂಳೆಯವರೆಗೆ ಒಂದು ಸುರಂಗ ಸಿಗುತ್ತದೆ. ಇಲ್ಲಿ ಮಾಂಸ ಕತ್ತರಿಸಿಲ್ಲ, ಎಳೆಗಳು ಪಕ್ಕಕ್ಕೆ ಸರಿದಿವೆ ಅಷ್ಟೇ. ಕೊಳವೆ ತೆಗೆದರೆ ಮತ್ತೆ ಕೂಡಿಕೊಳ್ಳುತ್ತವೆ. ರಕ್ತ ಹೋಗುವುದು ಕಡಿಮೆ, ಮಾರನೇ ದಿನ ಎದ್ದು ನಡೆಯಬಹುದು.

ಎಂಡೋಸ್ಕೋಪಿಯಲ್ಲಿ ಗಾಯ ಇನ್ನೂ ಚಿಕ್ಕದು, ಕೊಳವೆ 7-8 ಮಿಲಿಮೀಟರ್. ತುದಿಯಲ್ಲಿ ಕ್ಯಾಮೆರಾ ಇರುತ್ತದೆ, ಒಳಗೆ ಸಲೈನ್ ನೀರು ಹರಿಯುತ್ತಲೇ ಇರುತ್ತದೆ, ಡಾಕ್ಟರ್ ಟಿವಿ ಪರದೆ ನೋಡುತ್ತಾ ಪುಟ್ಟ ಇಕ್ಕಳದಿಂದ ತಿರುಳು ಕೀಳುತ್ತಾರೆ. ಪಕ್ಕೆಯಿಂದ ಹೋಗುವ ವಿಧಾನದಲ್ಲಿ ಎಷ್ಟೋ ಸಲ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ರೋಗಿಗೆ ಎಚ್ಚರ ಇರುತ್ತದೆ. ಉಪಕರಣ ನರಕ್ಕೆ ತಾಗಿದರೆ "ಸಾರ್, ಕಾಲು ಜುಮ್ ಅಂತಿದೆ" ಅಂತ ಅವರೇ ಹೇಳುತ್ತಾರೆ, ಡಾಕ್ಟರ್ ಅಲ್ಲಿಗೇ ಕೈ ತಡೆಯುತ್ತಾರೆ. ರೋಗಿಯ ಬಾಯೇ ಕಾವಲು. ಲೇಸರ್ ಅನ್ನುವ ಹೆಸರು ಜನರ ಬಾಯಲ್ಲಿ ಓಡಾಡುತ್ತದೆ, ಆದರೆ ಇಂಥ ಆಪರೇಷನ್‌ಗಳಲ್ಲಿ ಹೆಚ್ಚಿನ ಕೆಲಸ ನಡೆಯುವುದು ಇಕ್ಕಳ, ಸಣ್ಣ ಡ್ರಿಲ್ ಮತ್ತು ಕಾವು ಕೊಡುವ ಕಡ್ಡಿಯಿಂದ.

ಇಷ್ಟೆಲ್ಲ ಕೇಳಿದ ಮೇಲೆ ಚಿಕ್ಕ ಗಾಯದ ಆಪರೇಷನ್ ಹಳೆಯದಕ್ಕಿಂತ ಬಹಳ ಮೇಲು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಅಂಕಿಗಳು ಬೇರೆ ಹೇಳುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ 328 ರೋಗಿಗಳಲ್ಲಿ ಕೆಲವರಿಗೆ ಕೊಳವೆಯಿಂದ, ಉಳಿದವರಿಗೆ ಸೂಕ್ಷ್ಮದರ್ಶಕದಡಿ ಸಾಮಾನ್ಯ ರೀತಿಯಲ್ಲಿ ಆಪರೇಷನ್ ಮಾಡಿ ಹೋಲಿಸಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಕೊಳವೆಗೆ ಯಾವ ಮೇಲುಗೈಯೂ ಸಿಗಲಿಲ್ಲ. ವರ್ಷದ ಕೊನೆಗೆ ಚೆನ್ನಾಗಿ ಗುಣವಾಗಿದೆ ಎಂದವರು ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 79, ಕೊಳವೆ ಗುಂಪಿನಲ್ಲಿ 69. ಎಂಡೋಸ್ಕೋಪಿಯ ಫಲಿತಾಂಶ ಇದಕ್ಕಿಂತ ಚೆನ್ನಾಗಿದೆ. ಅದೇ ದೇಶದಲ್ಲಿ 613 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ನೋವು ತಗ್ಗಿಸುವುದರಲ್ಲಿ ಅದು ಸಾಮಾನ್ಯ ಆಪರೇಷನ್‌ಗಿಂತ ಹಿಂದೆ ಬೀಳಲಿಲ್ಲ.

ಯಾಕೆ ಹೀಗೆ? ಒಂದು ಕಾರಣ, ಹೋಲಿಸಿದ್ದು ಎರಡು ಒಳ್ಳೆಯ ವಿಧಾನಗಳನ್ನು. ಸೂಕ್ಷ್ಮದರ್ಶಕ ಬಂದಾಗಲೇ ಗಾಯ ಸಾಕಷ್ಟು ಚಿಕ್ಕದಾಗಿತ್ತು. ಇನ್ನೊಂದು ಕಾರಣ ಡಾಕ್ಟರ ಕೈ. ಕೊಳವೆಯಲ್ಲಿ ಕಾಣುವುದು ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅಷ್ಟರಲ್ಲಿ ನರ ಎಲ್ಲಿ, ಅದನ್ನು ಸುತ್ತಿದ ಪೊರೆ ಎಲ್ಲಿ ಎಂದು ಗುರುತಿಸಬೇಕು. ಅಭ್ಯಾಸ ಸಾಲದಿದ್ದರೆ ಪೊರೆ ಹರಿಯಬಹುದು, ತಿರುಳಿನ ಚೂರು ಒಳಗೇ ಉಳಿಯಬಹುದು. ಹೊಸದಾಗಿ ಕಲಿಯುವವರ ಮೊದಲ ಕೆಲವು ಡಜನ್ ಆಪರೇಷನ್‌ಗಳಲ್ಲಿ ತೊಂದರೆ ಜಾಸ್ತಿ ಎಂದು ಆ ಕ್ಷೇತ್ರದವರೇ ಹೇಳುತ್ತಾರೆ. ಹಾಗಾಗಿ ಗಾಯ ಎಷ್ಟು ಚಿಕ್ಕದು ಎಂದು ಕೇಳುವ ಬದಲು "ಸಾರ್, ಈ ಬಗೆಯ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ?" ಎಂದು ಕೇಳುವುದು ಮೇಲು. ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಒಳ್ಳೆಯ ಡಾಕ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಆಪರೇಷನ್ ಬೇಕೇ ಅನ್ನುವುದು. ಹೊರಬಂದ ತಿರುಳು ಎಷ್ಟೋ ಸಲ ತಾನಾಗಿಯೇ ಕರಗುತ್ತದೆ. ವಿಚಿತ್ರ ಅನ್ನಿಸಬಹುದು, ಜಾಸ್ತಿ ಹೊರಬಂದು ತುಂಡಾಗಿ ಬಿದ್ದ ತಿರುಳೇ ಜಾಸ್ತಿ ಕರಗುವುದು. ದೇಹ ಅದನ್ನು ಪರಕೀಯ ಎಂದು ತಿಳಿದು ತಿಂದುಹಾಕುತ್ತದೆ. ನೆದರ್‌ಲ್ಯಾಂಡ್ಸ್‌ನದೇ ಇನ್ನೊಂದು ಅಧ್ಯಯನ ಇದೆ, 2007ರದ್ದು. ಆರರಿಂದ ಹನ್ನೆರಡು ವಾರ ಕಾಲು ನೋವು ಅನುಭವಿಸಿದ 283 ಜನರಲ್ಲಿ ಅರ್ಧದಷ್ಟು ಜನಕ್ಕೆ ಬೇಗ ಆಪರೇಷನ್ ಎಂದರು, ಉಳಿದವರನ್ನು ಕಾಯಿಸಿದರು. ಕಾದವರಲ್ಲಿ ನೂರಕ್ಕೆ 39 ಜನ ಕೊನೆಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ವರ್ಷ ತುಂಬಿದಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಗುಣವಾಗಿದ್ದರು. ವ್ಯತ್ಯಾಸ ಇದ್ದದ್ದು ಸಮಯದಲ್ಲಿ. ಬೇಗ ಆಪರೇಷನ್ ಆದವರಲ್ಲಿ ಅರ್ಧದಷ್ಟು ಜನ ನಾಲ್ಕು ವಾರದಲ್ಲಿ ಚೇತರಿಸಿಕೊಂಡರು, ಕಾದವರಿಗೆ ಅದಕ್ಕೆ ಹನ್ನೆರಡು ವಾರ ಹಿಡಿಯಿತು.

ಎಂಟು ವಾರದ ಈ ವ್ಯತ್ಯಾಸದ ಬಳಿ ನಾನು ಸ್ವಲ್ಪ ನಿಲ್ಲಬೇಕು. ಸಂಬಳದ ಕೆಲಸದಲ್ಲಿರುವವರಿಗೆ ರಜೆ ಇದೆ. ಬಾಕ್ಸಿಗಿಷ್ಟು ಎಂದು ಎಣಿಸಿ ಕೂಲಿ ತೆಗೆದುಕೊಳ್ಳುವ ಹಮಾಲಿಗೆ ಎಂಟು ವಾರ ಅಂದರೆ ಎರಡು ತಿಂಗಳ ಬಾಡಿಗೆ, ರೇಷನ್, ಮಗಳ ಕಾಲೇಜು ಫೀಸು. ಕಾಯಿರಿ ಅನ್ನುವುದು ವೈದ್ಯಕೀಯವಾಗಿ ಸರಿಯಾದ ಸಲಹೆ. ಆದರೆ ಆ ಸಲಹೆಯ ಖರ್ಚು ಬೀಳುವುದು ಅವರ ಮನೆಯ ಮೇಲೆ. ನಮ್ಮ ಚಿಕ್ಕಪ್ಪ ಏಳು ವಾರ ಕಾದರು. ಅಷ್ಟರಲ್ಲಿ ಚಿಕ್ಕಮ್ಮನ ಓಲೆ ಗಿರವಿಗೆ ಹೋಗಿತ್ತು. ನೋವು ಇಳಿಯಲಿಲ್ಲ, ಪಾದ ಎತ್ತುವ ಬಲ ಕುಗ್ಗುತ್ತಾ ಬಂತು. ಆಗ ಆಪರೇಷನ್ ಎಂದರು. ಅವರ ವಿಷಯದಲ್ಲಿ ಆ ತೀರ್ಮಾನ ಸರಿಯಾಗಿತ್ತು ಎಂದೇ ನನ್ನ ನಂಬಿಕೆ.

ನಮ್ಮ ಬೀದಿಯ ಹುಡುಗನದು ಬೇರೆ ಕಥೆ. ಸೊಂಟ ಹಿಡಿದು ಮೂರೇ ದಿನಕ್ಕೆ ಯಾರೋ ಹೇಳಿದರೆಂದು ಎಂಆರ್‌ಐ ಮಾಡಿಸಿದ. ರಿಪೋರ್ಟಿನಲ್ಲಿ ಡಿಸ್ಕ್ ಬಲ್ಜ್, ಅಂದರೆ ಡಿಸ್ಕ್ ಉಬ್ಬಿದೆ ಎಂದಿತ್ತು. ಅದನ್ನು ಹಿಡಿದು ಬೆಂಗಳೂರಿನ ಒಂದು ಕಡೆ ಹೋದರೆ ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, "ಚಿಕ್ಕ ತೂತು, ಹೊಲಿಗೆ ಇಲ್ಲ, ನಾಳೆ ಮನೆಗೆ" ಅಂದರಂತೆ. ಅವನ ಕಾಲನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಅವನಿಗೆ ಕಾಲು ನೋವು ಇರಲೂ ಇಲ್ಲ.

ಎಂಆರ್‌ಐ ಫಿಲ್ಮ್ ಒಂದನ್ನೇ ನಂಬುವುದು ಯಾಕೆ ತಪ್ಪು ಅನ್ನುವುದಕ್ಕೆ 2015ರ ಒಂದು ಸಮೀಕ್ಷೆ ಇದೆ. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನಿಂಗ್‌ಗಳನ್ನು ಒಟ್ಟುಮಾಡಿ ನೋಡಿದರು. ಇಪ್ಪತ್ತರ ವಯಸ್ಸಿನಲ್ಲೇ ನೂರಕ್ಕೆ 30 ಜನರಲ್ಲಿ ಡಿಸ್ಕ್ ಉಬ್ಬಿತ್ತು, ಐವತ್ತರಲ್ಲಿ 60 ಜನರಲ್ಲಿ. ಡಿಸ್ಕ್ ಸವೆತ ಐವತ್ತರಲ್ಲಿ ನೂರಕ್ಕೆ 80 ಜನರಲ್ಲಿ ಕಂಡಿತು. ಇವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು. ತಲೆಕೂದಲು ನೆರೆತ ಹಾಗೆ ಡಿಸ್ಕೂ ಸವೆಯುತ್ತದೆ. ರಿಪೋರ್ಟಿನ ಅಕ್ಷರಕ್ಕೂ ರೋಗಿಯ ಕಾಲಿಗೂ ತಾಳೆ ಇರಬೇಕು. ಅದನ್ನು ನೋಡಲು ಯಂತ್ರ ಬೇಡ. ಮಲಗಿಸಿ ಕಾಲು ನೇರವಾಗಿ ಎತ್ತಿಸಬೇಕು, ಹೆಬ್ಬೆರಳು ಎತ್ತಿಸಿ ಒತ್ತಿ ನೋಡಬೇಕು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನಲ್ಲಿ ನಾಲ್ಕು ಹೆಜ್ಜೆ ನಡೆಸಬೇಕು. ಐದು ನಿಮಿಷದ ಕೆಲಸ. ಆ ಹುಡುಗನಿಗೆ ಇದನ್ನು ಮಾಡಿದ್ದು ಇಲ್ಲೇ ಕೋಲಾರದ ಒಬ್ಬ ಹಿರಿಯ ಡಾಕ್ಟರ್. ವ್ಯಾಯಾಮ ಹೇಳಿಕೊಟ್ಟು ಕಳಿಸಿದರು. ಈಗ ಚೆನ್ನಾಗಿದ್ದಾನೆ. ಬರೀ ಸೊಂಟ ನೋವು ಇದ್ದು ಕಾಲಿಗೆ ಇಳಿಯದವರಿಗೆ, ಪಾದದ ಬಲ ಕುಗ್ಗದವರಿಗೆ ಚಿಕ್ಕ ಗಾಯದ ಆಪರೇಷನ್‌ನಿಂದ ಸಿಗುವುದು ಬಹಳ ಕಡಿಮೆ. ಸ್ಕ್ರೂ ಹಾಕಿ ಎಲುಬು ಜೋಡಿಸಬೇಕು ಅಂದರಂತೂ ಇನ್ನೊಬ್ಬ ಡಾಕ್ಟರರನ್ನು ಕೇಳದೆ ಒಪ್ಪಬೇಡಿ. ವಯಸ್ಸಾದವರಲ್ಲಿ ನರದ ದಾರಿ ಕಿರಿದಾದಾಗ ಅದನ್ನು ಅಗಲ ಮಾಡುವುದರ ಜೊತೆಗೆ ಎಲುಬನ್ನೂ ಜೋಡಿಸುವುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ ಎಂದು ಸ್ವೀಡನ್ನಿನ ಅಧ್ಯಯನ 2016ರಲ್ಲೇ ಹೇಳಿದೆ.

ಕಾಯಬಾರದವರೂ ಇದ್ದಾರೆ. ಇದನ್ನು ದಯವಿಟ್ಟು ಮನೆಯಲ್ಲಿ ಓದಿ ಹೇಳಿ. ಚಿಂತಾಮಣಿ ಕಡೆಯ ನನ್ನ ಸ್ನೇಹಿತನ ತಾಯಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಸೊಂಟ ಹಿಡಿಯಿತು. ಉಳುಕು ತೆಗೆಯುವವರ ಹತ್ತಿರ ಹೋಗಿ ಎಣ್ಣೆ ತೀಡಿಸಿಕೊಂಡು ಬಂದರು. ಮಾರನೇ ದಿನದಿಂದ ಕೂತ ಜಾಗ ಮರಗಟ್ಟಿತು. ಸೀರೆ ತಾಗಿದ್ದೂ ಗೊತ್ತಾಗುತ್ತಿರಲಿಲ್ಲ. ಮೂತ್ರ ಕಟ್ಟಿತು. ಇದನ್ನು ಗಂಡುಮಕ್ಕಳ ಹತ್ತಿರ ಹೇಗೆ ಹೇಳುವುದು ಎಂದು ಸುಮ್ಮನಿದ್ದರು. ಸೊಸೆಗೆ ಹೇಳಿದ್ದು ಮೂರನೇ ದಿನ. ಬೆನ್ನುಹುರಿಯ ತುದಿಯಿಂದ ಕೆಳಗೆ ಬಾಲದ ಹಾಗೆ ಇಳಿಯುವ ನರಗಳ ಗೊಂಚಲೇ ಒತ್ತಿಹೋಗಿತ್ತು. ರಾತ್ರೋರಾತ್ರಿ ಆಪರೇಷನ್ ಆಯಿತು, ನಡೆಯುತ್ತಾರೆ. ಆದರೆ ಮೂತ್ರಕ್ಕೆ ಇವತ್ತಿಗೂ ನಳಿಕೆ ಬೇಕು. ಮೂತ್ರ ಕಟ್ಟುವುದು ಅಥವಾ ತಿಳಿಯದೇ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು, ಪಾದ ಜೋತು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಗಾಯ ಚಿಕ್ಕದೋ ದೊಡ್ಡದೋ ಎಂದು ನೋಡುತ್ತಾ ಕೂರಬಾರದು.

ನಮ್ಮ ಜಿಲ್ಲೆಗಳಿಗೇ ಅಂಟಿದ ಇನ್ನೊಂದು ತೊಂದರೆ ನೀರಿನದು. ಮುಳಬಾಗಿಲು, ಬಾಗೇಪಲ್ಲಿ, ತುಮಕೂರು ಜಿಲ್ಲೆಯ ಪಾವಗಡ, ಇಲ್ಲೆಲ್ಲ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಗ್ರಾನೈಟ್ ಬಂಡೆಯ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ದೇಶದ ಮಾನದಂಡ ಹೇಳುತ್ತದೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ, ಆಮೇಲೆ ಮೂಳೆ ದಪ್ಪವಾಗುತ್ತದೆ, ಬೆನ್ನೆಲುಬಿನ ನಾರುಪಟ್ಟಿಗಳೇ ಮೂಳೆಯಾಗಿ ಬೆನ್ನು ಕೋಲಿನ ಹಾಗೆ ಸೆಟೆಯುತ್ತದೆ. ಒಳಗೆ ಬೆನ್ನುಹುರಿಯ ದಾರಿ ಕಿರಿದಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು ವಿವರವಾಗಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳನ್ನು ನೋಡಿ. ಅಂದಿನಿಂದ ಗೊತ್ತಿರುವ ಕಾಯಿಲೆ ಇದು.

ಇಂಥ ಬೆನ್ನಿಗೆ ಮುಕ್ಕಾಲು ಇಂಚಿನ ಗಾಯ ಸುಲಭವಾಗಿ ಒದಗುವುದಿಲ್ಲ. ಮೂಳೆ ಕಲ್ಲಿನಂತಿರುತ್ತದೆ, ಆದರೂ ಪೆಡಸು. ನಾರುಪಟ್ಟಿ ಬೆನ್ನುಹುರಿಯ ಪೊರೆಗೆ ಅಂಟಿಕೊಂಡಿರುತ್ತದೆ, ಬಿಡಿಸುವಾಗ ಹರಿಯುತ್ತದೆ. ಒತ್ತಡ ಒಂದೇ ಕಡೆ ಇರುವುದಿಲ್ಲ, ಉದ್ದಕ್ಕೂ ಹಬ್ಬಿರುತ್ತದೆ. ಹೆಚ್ಚಾಗಿ ಬೆನ್ನು ತೆರೆದು ಡ್ರಿಲ್‌ನಿಂದ ನಿಧಾನವಾಗಿ ಸವೆಸಿಯೇ ತೆಗೆಯಬೇಕು. ಬೆನ್ನುಮೂಳೆಯ ಕ್ಷಯವೂ ನಮ್ಮಲ್ಲಿದೆ. ಅದಕ್ಕೆ ಮುಖ್ಯ ಮದ್ದು ತಿಂಗಳುಗಟ್ಟಲೆಯ ಮಾತ್ರೆ. ಸೊಂಟ ನೋವಿನ ಜೊತೆ ಸಂಜೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಅದನ್ನು ಡಿಸ್ಕ್ ಎಂದು ತಿಳಿದು ಬೆಲ್ಟ್ ಕಟ್ಟಿಕೊಂಡು ಕೂರಬಾರದು. ಹಳ್ಳಿಯ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳಾದರೂ ರಿಪೇರಿ ಆಗದಿದ್ದರೆ ನಾವು ಅದನ್ನು ನೀರಿನ ದೂರು ಎಂದು ಬರೆಯುತ್ತೇವೆ. ಅದು ಬೆನ್ನಿನ ದೂರೂ ಹೌದು.

ಮತ್ತೆ ಚಿಕ್ಕಪ್ಪನ ಕಡೆ ಬರುತ್ತೇನೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಇಂಥ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ಅದನ್ನು ಮೊದಲೇ ತೆಗೆದುಕೊಳ್ಳಿ. ಆದರೆ ಯೋಜನೆ ನೋಡಿಕೊಳ್ಳುವುದು ಆಸ್ಪತ್ರೆಯೊಳಗಿನ ಖರ್ಚನ್ನು. ಮನೆಗೆ ಬಂದಮೇಲಿನ ಆರು ವಾರದ ಕೂಲಿ ಯಾರ ಲೆಕ್ಕದಲ್ಲೂ ಇಲ್ಲ. ಚಿಕ್ಕಪ್ಪನ ಡಿಸ್ಚಾರ್ಜ್ ಹಾಳೆಯಲ್ಲಿ ಭಾರ ಎತ್ತಬೇಡಿ ಎಂದು ಒಂದು ಸಾಲು ಇತ್ತು. ಇಂಗ್ಲಿಷಿನಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಓದಿ ಹೇಳಬೇಕಾದ ನಾನು ಮಾತ್ರೆಗಳನ್ನು ಓದಿ ಅಲ್ಲಿಗೆ ನಿಲ್ಲಿಸಿದ್ದೆ. ಅದು ನನ್ನ ತಪ್ಪು.

ಚರ್ಮ ಹತ್ತು ದಿನದಲ್ಲಿ ಕೂಡುತ್ತದೆ. ಡಿಸ್ಕಿನ ಹೊರಗಿನ ನಾರಿನಲ್ಲಿ ಆದ ತೂತು ಹಾಗಲ್ಲ. ಅಲ್ಲಿ ರಕ್ತದ ಓಡಾಟ ತೀರಾ ಕಡಿಮೆ, ಮಾಯಲು ತಿಂಗಳುಗಳೇ ಬೇಕು. ಅದಕ್ಕೇ ನಡೆದಾಟ ಬೇಗ ಶುರುಮಾಡಿ, ಆದರೆ ಆರರಿಂದ ಹನ್ನೆರಡು ವಾರ ಭಾರ ಎತ್ತಬೇಡಿ ಎಂದು ಸಾಮಾನ್ಯವಾಗಿ ಹೇಳುವುದು. ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ಅದೇ ಜಾಗದಲ್ಲಿ ಮತ್ತೆ ಡಿಸ್ಕ್ ಜಾರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ತೋರಿಸುತ್ತವೆ. ಚಿಕ್ಕಪ್ಪನಿಗೆ ಬಾಕ್ಸ್ ಎತ್ತಿದ್ದರಿಂದಲೇ ಮತ್ತೆ ಬಂತು ಎಂದು ಖಡಾಖಂಡಿತವಾಗಿ ಹೇಳಲಾಗದು. ಎತ್ತದೇ ಇದ್ದವರಿಗೂ ಬರುತ್ತದೆ. ಆದರೆ ಹಳೆ ಕಾಲದ ಗೇಣುದ್ದದ ಹೊಲಿಗೆ ಬೆನ್ನ ಮೇಲಿದ್ದಿದ್ದರೆ ಅವರು ಮೂರನೇ ವಾರಕ್ಕೆ ಮಾರುಕಟ್ಟೆಗೆ ಹೋಗುತ್ತಿರಲಿಲ್ಲ. ಹೋಗಿದ್ದರೂ ಮಂಡಿಯವರೇ ವಾಪಸ್ ಕಳಿಸುತ್ತಿದ್ದರು. ಗೆರೆ ಕಾಣದಿದ್ದಾಗ ಯಾರಿಗೂ ಅದು ಆಪರೇಷನ್ ಆದ ಬೆನ್ನು ಎಂದು ನೆನಪಾಗುವುದಿಲ್ಲ.

ನಮಗೆ ಬೇಕಾದದ್ದು ಬಹಳ ದೊಡ್ಡದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್‌ಗೆ ಬರೆಯುವ ಮೊದಲು ಕಾಲು ಮುಟ್ಟಿ ನೋಡುವ ಐದು ನಿಮಿಷ. ಫಿಸಿಯೋಥೆರಪಿಯವರು ವಾರಕ್ಕೆ ಎರಡು ದಿನವಾದರೂ ಸಿಗುವುದು. ಆಪರೇಷನ್ ಆದವರ ಕೈಗೆ ಕನ್ನಡದಲ್ಲೂ ತೆಲುಗಿನಲ್ಲೂ ಒಂದು ಹಾಳೆ, ಯಾವ ವಾರ ಎಷ್ಟು ಕೆ.ಜಿ. ಎತ್ತಬಹುದು ಎಂದು ಬರೆದಿರುವಂಥದ್ದು. ಎಪಿಎಂಸಿಯಲ್ಲಿ ಬಾಕ್ಸ್ ನೆಲದಿಂದ ಎತ್ತುವ ಬದಲು ಸೊಂಟದ ಎತ್ತರದ ಕಟ್ಟೆಯಿಂದ ಎತ್ತುವ ಹಾಗೆ ಜಾಗ ಮಾಡುವುದು. ಆಪರೇಷನ್ ಥಿಯೇಟರಿಗೆ ಕೋಟಿಗಟ್ಟಲೆ ಸುರಿಯುವಾಗ ಸಿಮೆಂಟಿನ ಕಟ್ಟೆಗೆ ಎಷ್ಟು ಬೇಕು?

ಚಿಕ್ಕಪ್ಪನಿಗೆ ಎರಡನೇ ಸಲ ಆಪರೇಷನ್ ಬೇಕಾಗಲಿಲ್ಲ. ನರದ ಬಳಿ ಒಂದು ಇಂಜೆಕ್ಷನ್, ಮೂರು ತಿಂಗಳ ವಿರಾಮ, ದಿನಾ ಬೆಳಿಗ್ಗೆ ವ್ಯಾಯಾಮ. ಜೋಮು ಪೂರ್ತಿ ಹೋಗಿಲ್ಲ, ಹೆಬ್ಬೆರಳಿನ ಹತ್ತಿರ ಉಳಿದಿದೆ. ಈಗ ಅವರು ಮಂಡಿಯಲ್ಲಿ ಬಾಕ್ಸ್ ಎಣಿಸಿ ಚೀಟಿ ಬರೆಯುತ್ತಾರೆ, ಕೂಲಿ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೋದ ವಾರ ನಾನು ಹೋದಾಗ ಟೆಂಪೋ ಪಕ್ಕ ನಿಂತಿದ್ದರು. ಹೊಸದಾಗಿ ಬಂದ ಹುಡುಗನೊಬ್ಬ ಬಗ್ಗಿ, ಕೈ ಚಾಚಿ ಬಾಕ್ಸ್ ಎಳೆಯುತ್ತಿದ್ದ. "ಲೋ, ಮಂಡಿ ಮಡಚೋ. ಎದೆಗೆ ಒತ್ಕೊಂಡು ಎತ್ತು" ಎಂದು ಕೂಗಿದರು. ಅವನು ಒಂದು ಸಲ ಹಾಗೆ ಎತ್ತಿದ. ಮುಂದಿನ ಬಾಕ್ಸಿಗೆ ಮತ್ತೆ ಬಗ್ಗಿದ. ಚಿಕ್ಕಪ್ಪ ಚೀಟಿ ಪುಸ್ತಕ ಕೆಳಗಿಟ್ಟು ಅವನ ಹತ್ತಿರ ನಡೆದರು.